ವಂತಿಗೆ ಎತ್ತಿ ಉಳಿಸಿಕೊಂಡ ಕ್ಲಬ್

ಆಷಾಢ ಬಂತೆಂದರೆ ರಾಮನಗರದ ಬೀದಿಗಳಲ್ಲಿ ಚಾಮುಂಡೇಶ್ವರಿ ಕರಗದ ಮಾತು ಶುರುವಾಗುತ್ತದೆ. ಸಂಜೆ ಹೊತ್ತು ನಾಲ್ಕೈದು ಹುಡುಗರು ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬರುತ್ತಾರೆ. ‘ಅಣ್ಣ, ಕರಗದ ವಂತಿಗೆ’ ಎನ್ನುತ್ತಾರೆ. ಕೊಡುವವರು ಸ್ವಲ್ಪ ಚೌಕಾಸಿ ಮಾಡುತ್ತಾರೆ, ಹೋದ ವರ್ಷ ಇಷ್ಟೇ ಕೊಟ್ಟಿದ್ದು ಎಂದು ನೆನಪಿಸುತ್ತಾರೆ. ಕೊಡದೆ ಬಾಗಿಲು ಹಾಕಿಕೊಳ್ಳುವವರು ಮಾತ್ರ ತೀರಾ ಕಡಿಮೆ. ಐವತ್ತು ರೂಪಾಯಿ ಕೊಟ್ಟವನೂ ಐದು ಸಾವಿರ ಕೊಟ್ಟವನೂ ಆ ರಾತ್ರಿ ಬೀದಿಯಲ್ಲಿ ಒಟ್ಟಿಗೆ ನಿಂತು ‘ನಮ್ಮ ಕರಗ’ ಎನ್ನುತ್ತಾರೆ. ವಂತಿಗೆಯ ಗುಣವೇ ಅದು. ಕೊಟ್ಟ ಹಣ ಚಿಕ್ಕದಿರಬಹುದು, ಹಕ್ಕು ಚಿಕ್ಕದಾಗುವುದಿಲ್ಲ.

2014ರಲ್ಲಿ, ಇಲ್ಲಿ ಆಷಾಢ ನಡೆಯುತ್ತಿದ್ದ ಹೊತ್ತಿಗೇ, ಸ್ಪೇನಿನ ಉತ್ತರದ ಬೆಟ್ಟಗಳ ನಡುವಿನ ಒಂದು ಪುಟ್ಟ ಊರು ತನ್ನ ಫುಟ್‌ಬಾಲ್ ಕ್ಲಬ್ಬಿಗಾಗಿ ವಂತಿಗೆ ಎತ್ತುತ್ತಿತ್ತು. ಊರಿನ ಹೆಸರು ಐಬಾರ್. ಜನಸಂಖ್ಯೆ ಸುಮಾರು 27 ಸಾವಿರ, ಅಂದರೆ ಹೆಚ್ಚುಕಡಿಮೆ ನಮ್ಮ ಮಾಗಡಿ ಪಟ್ಟಣದಷ್ಟು. ಆ ಊರಿನ ತಂಡ ಅದೇ ಮೇ ತಿಂಗಳಲ್ಲಿ ಸ್ಪೇನಿನ ಅತ್ಯುನ್ನತ ಲೀಗ್ ಆದ ಲಾ ಲಿಗಾಗೆ ಅರ್ಹತೆ ಗಳಿಸಿತ್ತು. ಮೆಸ್ಸಿಯ ಬಾರ್ಸಿಲೋನಾ, ರೊನಾಲ್ಡೊನ ರಿಯಲ್ ಮ್ಯಾಡ್ರಿಡ್ ಬಂದು ಆಡಬೇಕಾದ ಮೈದಾನದಲ್ಲಿ ಆಗ ಕೂರಲು ಜಾಗವಿದ್ದದ್ದು ಐದು ಸಾವಿರ ಜನರಿಗೆ. ಆದರೆ ಐಬಾರಿನ ತಲೆನೋವು ಮೆಸ್ಸಿಯಾಗಲಿ ರೊನಾಲ್ಡೊ ಆಗಲಿ ಆಗಿರಲಿಲ್ಲ. 17 ಲಕ್ಷ ಯೂರೋ ಹೊಂದಿಸದಿದ್ದರೆ ಗೆದ್ದ ತಂಡವನ್ನು ನೇರ ಮೂರನೇ ದರ್ಜೆಗೆ ಇಳಿಸುತ್ತೇವೆ ಎಂದು ಕಾನೂನು ಹೇಳುತ್ತಿತ್ತು.

ಈ ಕಥೆ ನಮ್ಮ ಜಿಲ್ಲೆಯ ಜನ ಕೇಳಬೇಕಾದದ್ದು ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಹಾಗಾಗಿ ಬುಡದಿಂದಲೇ ಹೇಳುತ್ತೇನೆ.

ಐಬಾರ್ ಇರುವುದು ಬಾಸ್ಕ್ ನಾಡಿನ ಗಿಪುಸ್ಕೋವಾ ಪ್ರಾಂತ್ಯದಲ್ಲಿ, ಎಗೋ ಎಂಬ ಸಣ್ಣ ಹೊಳೆಯ ಇಕ್ಕಟ್ಟಾದ ಕಣಿವೆಯಲ್ಲಿ. ಎರಡೂ ಕಡೆ ಬೆಟ್ಟ. ಮಟ್ಟಸವಾದ ನೆಲವೇ ದುರ್ಲಭ, ಹಾಗಾಗಿ ಮನೆಗಳು ಮೇಲಕ್ಕೆ ಬೆಳೆದಿವೆ. ಬೇಸಾಯಕ್ಕೆ ಒಗ್ಗದ ಊರು ಕೈಕಸುಬಿಗೆ ಒಗ್ಗಿತು. ಶತಮಾನಗಳಿಂದ ಅಲ್ಲಿನವರ ಕಸುಬು ಬಂದೂಕು ಮಾಡುವುದು. ಬಂದೂಕಿನ ಉಕ್ಕಿನ ಮೇಲೆ ಚಿನ್ನದ ಎಳೆ ಕೂರಿಸಿ ಚಿತ್ತಾರ ಬಿಡಿಸುವ ಕುಶಲಕರ್ಮಿಗಳೂ ಅಲ್ಲಿದ್ದರು. 19ನೇ ಶತಮಾನದಲ್ಲಿ ಪ್ಲಾಸಿಡೊ ಸುಲೊಆಗಾ ಆ ಕೆಲಸಕ್ಕೆ ಯುರೋಪಿನಾದ್ಯಂತ ಹೆಸರಾದವನು. ಪ್ರಸಿದ್ಧ ಚಿತ್ರಕಾರ ಇಗ್ನಾಸಿಯೊ ಸುಲೊಆಗಾ ಅವನ ಮಗ. ಚನ್ನಪಟ್ಟಣದಲ್ಲಿ ಆಲೆಮರದ ತುಂಡನ್ನು ಲೇಥಿಗೆ ಕಟ್ಟಿ, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹಚ್ಚುವ ಕೈಗಳನ್ನು ಕಂಡವರಿಗೆ ಆ ಊರಿನ ಸ್ವಭಾವವನ್ನು ಹೆಚ್ಚು ವಿವರಿಸಬೇಕಿಲ್ಲ.

ಮೊದಲ ಮಹಾಯುದ್ಧ ಮುಗಿದ ಮೇಲೆ ಬಂದೂಕಿನ ಬೇಡಿಕೆ ಕುಸಿಯಿತು. ಊರು ಕೈಕಟ್ಟಿ ಕೂರಲಿಲ್ಲ. ಬಂದೂಕಿನ ನಳಿಗೆ ಕೊರೆಯುತ್ತಿದ್ದ ಯಂತ್ರಗಳಲ್ಲಿ ಸೈಕಲ್ಲಿನ ಕೊಳವೆ ಮಾಡಿದರು. ಇಂದು ಜಗತ್ತಿನ ರೇಸುಗಳಲ್ಲಿ ಓಡುವ ಓರ್ಬಿಯಾ ಸೈಕಲ್ ಕಂಪನಿ 1840ರಲ್ಲಿ ಇದೇ ಊರಿನಲ್ಲಿ ಬಂದೂಕಿನ ಕಾರ್ಖಾನೆಯಾಗಿ ಶುರುವಾದದ್ದು. ಬಿಎಚ್ ಸೈಕಲ್ಲಿನ ಹುಟ್ಟೂ ಇದೇ ಬಗೆಯದು. 1920ರಲ್ಲಿ ಕೆಲಸಗಾರರೇ ಸೇರಿ ಆಲ್ಫಾ ಎಂಬ ಸಹಕಾರಿ ಕಾರ್ಖಾನೆ ಕಟ್ಟಿದರು. ಅದೂ ಬಂದೂಕಿನಿಂದಲೇ ಆರಂಭವಾಗಿ ಕೆಲವೇ ವರ್ಷಗಳಲ್ಲಿ ಹೊಲಿಗೆ ಯಂತ್ರಕ್ಕೆ ಹೊರಳಿತು. ಚರಕದಿಂದ ಕಾಟೇಜ್ ಬೇಸಿನ್‌ಗೆ, ಅಲ್ಲಿಂದ ಮಲ್ಟಿ ಎಂಡ್‌ಗೆ, ಈಗ ಸಾಲ ಮಾಡಿ ಸ್ವಯಂಚಾಲಿತ ಯಂತ್ರಕ್ಕೆ ಬಂದು ನಿಂತಿರುವ ನಮ್ಮ ರಾಮನಗರದ ರೀಲರ್‌ಗಳಿಗೆ ಈ ಬದುಕು ಗೊತ್ತು. ಚೀನಾ ರೇಷ್ಮೆ ಬಂದು ನೂಲಿನ ದರ ಬಿದ್ದಾಗ ಇಲ್ಲಿನ ಬೀದಿಗಳಲ್ಲಿ ನಡೆದ ಮಾತುಗಳು, ಬಂದೂಕಿನ ಮಾರುಕಟ್ಟೆ ಬಿದ್ದಾಗ ಐಬಾರಿನಲ್ಲೂ ನಡೆದಿರಬೇಕು.

ಕೆಲಸಗಾರರ ಊರು, ಹಾಗಾಗಿ ರಾಜಕೀಯದಲ್ಲೂ ಮುಂದು. 1931ರ ಏಪ್ರಿಲ್ 14ರ ಬೆಳಗಿನ ಜಾವ ಸ್ಪೇನಿನಲ್ಲಿ ಗಣರಾಜ್ಯದ ಬಾವುಟವನ್ನು ಎಲ್ಲರಿಗಿಂತ ಮೊದಲು ಏರಿಸಿದ್ದು ಐಬಾರ್. ಅದಕ್ಕೆ ತೆತ್ತ ಬೆಲೆ ದೊಡ್ಡದು. ಅಂತರ್ಯುದ್ಧದಲ್ಲಿ, 1937ರ ಏಪ್ರಿಲ್‌ನಲ್ಲಿ, ಬಾಂಬುಗಳು ಊರಿನ ಎದೆಭಾಗವನ್ನೇ ಸುಟ್ಟುಹಾಕಿದವು. ಪಿಕಾಸೊ ಚಿತ್ರದಿಂದ ಜಗತ್ತಿಗೆಲ್ಲ ಗೊತ್ತಾದ ಗೆರ್ನಿಕಾ ಪಟ್ಟಣ ಉರಿದದ್ದೂ ಅದೇ ವಾರ.

ಆ ಬೂದಿಯ ಮೇಲೆ ಊರು ಮತ್ತೆ ಕಟ್ಟಿಕೊಳ್ಳುತ್ತಿದ್ದಾಗ, 1940ರ ನವೆಂಬರ್ 30ರಂದು, ಊರಿನ ಎರಡು ಸಣ್ಣ ತಂಡಗಳು ಒಂದಾಗಿ ಐಬಾರ್ ಕ್ಲಬ್ ಹುಟ್ಟಿತು. ಕೈಯಲ್ಲಿ ಕಾಸಿರಲಿಲ್ಲ. ಫುಟ್‌ಬಾಲ್ ಒಕ್ಕೂಟದವರು ಕೊಟ್ಟ ಬಾರ್ಸಿಲೋನಾದ ನೀಲಿ-ಕೆಂಪು ಅಂಗಿಗಳನ್ನೇ ತೊಟ್ಟು ಆಡಿದರು, ಆ ಬಣ್ಣ ಹಾಗೆಯೇ ಉಳಿಯಿತು ಎಂದು ಅಲ್ಲಿನವರು ಹೇಳುತ್ತಾರೆ. 1947ರಲ್ಲಿ ಬೆಟ್ಟದ ಮಗ್ಗುಲಲ್ಲಿ ಇಪುರುವಾ ಮೈದಾನ ತೆರೆಯಿತು. ಸುತ್ತಲಿನ ಎತ್ತರದ ಮನೆಗಳ ಬಾಲ್ಕನಿಯಲ್ಲಿ ನಿಂತವರಿಗೆ ಇಂದಿಗೂ ಟಿಕೆಟ್ ಬೇಕಿಲ್ಲ. ಅಭಿಮಾನಿಗಳು ತಂಡವನ್ನು ಕರೆಯುವುದು ‘ಆರ್ಮೆರೋಸ್’ ಎಂದು. ಹಾಗೆಂದರೆ ಬಂದೂಕು ಮಾಡುವವರು. ಹೊಗಳಿಕೆಯ ಹೆಸರಿಟ್ಟುಕೊಳ್ಳದೆ ಅಪ್ಪ ಅಜ್ಜಂದಿರ ಕಸುಬನ್ನೇ ಹೆಸರಾಗಿಸಿಕೊಂಡ ತಂಡ ಅದು.

ಮುಂದಿನ ಎಪ್ಪತ್ತು ವರ್ಷ ಪತ್ರಿಕೆಗಳ ಮುಖಪುಟಕ್ಕೆ ಬರುವಂಥದ್ದೇನೂ ನಡೆಯಲಿಲ್ಲ. ಎರಡನೇ ದರ್ಜೆ, ಮೂರನೇ ದರ್ಜೆ, ಮತ್ತೆ ಎರಡನೆಯದು. 1953ರಲ್ಲಿ ಒಮ್ಮೆ ಏರಿದರು, 1958ರಲ್ಲಿ ಇಳಿದರು. 1988ರಿಂದ 2006ರವರೆಗೆ ಸತತ 18 ಹಂಗಾಮು ಎರಡನೇ ದರ್ಜೆಯಲ್ಲಿ ಉಳಿದರು. ಇಷ್ಟು ಸಣ್ಣ ಊರಿಗೆ ಅದೇ ದೊಡ್ಡ ಸಾಧನೆ. ಈ ಮೈದಾನದಲ್ಲಿ ಆಟ ಕಲಿತು ಹೊರಟವರಲ್ಲಿ ಹೊಸೆ ಯುಲೋಹಿಯೊ ಗಾರಾಟೆ ಹೆಸರು ಹೇಳಲೇಬೇಕು. ಎಂಜಿನಿಯರಿಂಗ್ ಓದಿದ ಹುಡುಗ. ಐಬಾರಿನಲ್ಲಿ ಆಡಿ, ಮುಂದೆ ಅಟ್ಲೆಟಿಕೊ ಮ್ಯಾಡ್ರಿಡ್ ಸೇರಿ ಮೂರು ಹಂಗಾಮುಗಳಲ್ಲಿ ಸ್ಪೇನಿನ ಅತಿ ಹೆಚ್ಚು ಗೋಲು ಹೊಡೆದವರ ಪಟ್ಟಿಯ ತುದಿಯಲ್ಲಿದ್ದವನು.

ದೊಡ್ಡ ಕ್ಲಬ್ಬುಗಳು ತಮ್ಮ ಹುಡುಗರನ್ನು ಪಳಗಿಸಲು ಐಬಾರಿಗೆ ಎರವಲು ಕಳಿಸುತ್ತಿದ್ದವು. ಮುಂದೆ ವಿಶ್ವಕಪ್ ಗೆದ್ದ ಸ್ಪೇನ್ ತಂಡದಲ್ಲಿದ್ದ ಕ್ಸಾಬಿ ಅಲೊನ್ಸೊ ಹದಿಹರೆಯದಲ್ಲಿ ಇಲ್ಲಿ ಆಡಿದ್ದ. 2004-05ರಲ್ಲಿ ಡೇವಿಡ್ ಸಿಲ್ವಾ ಆಡಿದ. ಕೆಸರಿನ, ಇಳಿಜಾರಿನ, ಮಳೆ ಬಿಡದ ಆ ಮೈದಾನದಲ್ಲಿ ನಿಲ್ಲಲು ಕಲಿತ ಹುಡುಗ ಎಲ್ಲಿ ಬೇಕಾದರೂ ನಿಲ್ಲುತ್ತಾನೆ ಎಂಬುದು ಅವರ ಲೆಕ್ಕ. ಸಿಲ್ವಾ ಇದ್ದ ವರ್ಷ ಹೊಸೆ ಲೂಯಿಸ್ ಮೆಂದಿಲಿಬಾರ್ ಕೋಚ್. ಪಕ್ಕದ ಊರಿನವನೇ. ನಾಲ್ಕನೇ ಸ್ಥಾನಕ್ಕೆ ಬಂದು, ಲಾ ಲಿಗಾದ ಬಾಗಿಲು ಮುಟ್ಟಿ ವಾಪಸಾದರು.

2009ರಲ್ಲಿ ಮತ್ತೆ ಮೂರನೇ ದರ್ಜೆಗೆ ಬಿದ್ದು ನಾಲ್ಕು ವರ್ಷ ಅಲ್ಲೇ ಉಳಿದರು. ಆ ನಾಲ್ಕು ವರ್ಷದಲ್ಲಿ ಕ್ಲಬ್ ಸಾಲ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ಸ್ಪೇನಿನ ದೊಡ್ಡ ದೊಡ್ಡ ಕ್ಲಬ್ಬುಗಳು ತೆರಿಗೆ ಬಾಕಿ ಉಳಿಸಿಕೊಂಡು, ಆಟಗಾರರ ಸಂಬಳ ನಿಲ್ಲಿಸಿ ಕೋರ್ಟು ಕಚೇರಿ ಅಲೆಯುತ್ತಿದ್ದ ಕಾಲ ಅದು. ಐಬಾರ್ ಮಾತ್ರ ಬಂದಷ್ಟರಲ್ಲೇ ಸಂಸಾರ ಮಾಡಿತು. ಮಾಜಿ ಆಟಗಾರ ಗಾಯ್ಸ್ಕಾ ಗಾರಿತಾನೊ ಕೋಚ್ ಆದ ಮೇಲೆ, 2013ರಲ್ಲಿ ಎರಡನೇ ದರ್ಜೆಗೆ ಏರಿದರು. ಮರುವರ್ಷವೇ, 2014ರ ಮೇ 25ರಂದು, ಅಲಾವೆಸ್ ತಂಡವನ್ನು 1-0 ಗೋಲಿನಿಂದ ಸೋಲಿಸಿ ಲಾ ಲಿಗಾಗೆ ಅರ್ಹತೆ ಪಡೆದರು. ಎರಡು ವರ್ಷದಲ್ಲಿ ಎರಡು ಮೆಟ್ಟಿಲು.

ಇಲ್ಲಿ ಕಾನೂನು ಅಡ್ಡ ಬಂತು. 1999ರ ರಾಜಾಜ್ಞೆಯೊಂದರ ಪ್ರಕಾರ ವೃತ್ತಿಪರ ಕ್ಲಬ್ಬಿನ ಷೇರು ಬಂಡವಾಳವು ಎರಡನೇ ದರ್ಜೆಯ ಕ್ಲಬ್ಬುಗಳ ಸರಾಸರಿ ಖರ್ಚಿನ ಕಾಲುಭಾಗದಷ್ಟಾದರೂ ಇರಬೇಕಿತ್ತು. ಕ್ಲಬ್ಬುಗಳು ದಿವಾಳಿಯಾಗದಿರಲಿ ಎಂದು ಮಾಡಿದ ಕಾನೂನು ಅದು. ಸಾಲವೇ ಇಲ್ಲದ ಐಬಾರಿನ ಬಂಡವಾಳ ಇದ್ದದ್ದು ನಾಲ್ಕು ಲಕ್ಷ ಚಿಲ್ಲರೆ ಯೂರೋ. ಬೇಕಾದದ್ದು ಇನ್ನೂ 17,24,272 ಯೂರೋ, ಅಂದಿನ ಲೆಕ್ಕದಲ್ಲಿ ಸುಮಾರು 14 ಕೋಟಿ ರೂಪಾಯಿ. ಗಡುವು ಆಗಸ್ಟ್ 6. ಸಾಲ ಮಾಡಿದವನನ್ನು ಬಿಟ್ಟು, ಮಾಡದವನ ಕುತ್ತಿಗೆಗೆ ಬಂದ ಕಾನೂನು. ನನ್ನ ಮಟ್ಟಿಗೆ ಇದು ಅನ್ಯಾಯ, ಅದನ್ನು ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ.

ಹಣವಂತನೊಬ್ಬ ಬಂದು ಇಡೀ ಕ್ಲಬ್ ಕೊಂಡುಬಿಡಬಹುದಿತ್ತು. ಆ ದಾರಿ ಸುಲಭವೂ ಆಗಿತ್ತು. ಐಬಾರ್ ಆ ಬಾಗಿಲನ್ನು ತಾನೇ ಮುಚ್ಚಿತು. ಯಾರೊಬ್ಬರೂ ಒಂದು ಲಕ್ಷ ಯೂರೋಗಿಂತ ಹೆಚ್ಚಿನ ಷೇರು ಕೊಳ್ಳುವಂತಿಲ್ಲ ಎಂದು ಮಿತಿ ಹಾಕಿತು. ಐವತ್ತು ಯೂರೋ ಇದ್ದವನೂ ಪಾಲುದಾರನಾಗಬಹುದು ಎಂದಿತು. ‘ಐಬಾರನ್ನು ಕಾಪಾಡಿ’ ಎಂಬ ಕರೆ ಹೊರಟಿತು. ಅಲೊನ್ಸೊ, ಸಿಲ್ವಾ ತಮ್ಮ ಹಳೆಯ ಕ್ಲಬ್ಬಿನ ಪರವಾಗಿ ಮಾತಾಡಿದರು. ಕಾರ್ಖಾನೆಯಲ್ಲಿ ದುಡಿಯುವವರು, ಪಿಂಚಣಿದಾರರು, ಅಂಗಡಿಯವರು ಕೊಂಡರು. ಸ್ಪೇನಿಗೆ ಕಾಲೇ ಇಡದ ದೂರದ ದೇಶಗಳ ಜನ ಸುದ್ದಿ ಓದಿ ಕೊಂಡರು. ಕೊನೆಗೆ ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು ಹತ್ತು ಸಾವಿರ ಷೇರುದಾರರಾದರು. ಗಡುವಿಗೆ ಮುಂಚೆ, ಜುಲೈನಲ್ಲೇ ಗುರಿ ಮುಟ್ಟಿತು. ನಮ್ಮ ಭಾಷೆಯಲ್ಲಿ ಇದಕ್ಕೆ ವಂತಿಗೆ ಎನ್ನದೆ ಇನ್ನೇನೆನ್ನಬೇಕು?

2014ರ ಆಗಸ್ಟ್ 24ರಂದು ಇಪುರುವಾದಲ್ಲಿ ಮೊದಲ ಪಂದ್ಯ. ಎದುರಾಳಿ ಅದೇ ಪ್ರಾಂತ್ಯದ ದೊಡ್ಡಣ್ಣ ರಿಯಲ್ ಸೊಸಿಯೆದಾದ್. ಹಾವಿ ಲಾರಾ ಫ್ರೀ ಕಿಕ್ಕಿನಲ್ಲಿ ಹೊಡೆದ ಗೋಲಿನಿಂದ ಐಬಾರ್ 1-0 ಗೆದ್ದಿತು. ಆದರೆ ಹಂಗಾಮಿನ ಉತ್ತರಾರ್ಧದಲ್ಲಿ ಸೋಲಿನ ಮೇಲೆ ಸೋಲು. 18ನೇ ಸ್ಥಾನಕ್ಕೆ ಕುಸಿದು ಇಳಿಯಬೇಕಾಯಿತು. ಆಗ ನಡೆದದ್ದನ್ನು ಯಾವ ಕಥೆಗಾರನೂ ಬರೆಯಲು ಧೈರ್ಯ ಮಾಡುತ್ತಿರಲಿಲ್ಲ. 13ನೇ ಸ್ಥಾನದಲ್ಲಿದ್ದ ಎಲ್ಚೆ ಕ್ಲಬ್ಬನ್ನು ಬಾಕಿ ತೀರಿಸದ ತಪ್ಪಿಗೆ ಲೀಗ್ ಕೆಳಗಿಳಿಸಿತು, ಸಾಲವಿಲ್ಲದ ಐಬಾರ್ ಆ ಜಾಗದಲ್ಲಿ ಉಳಿಯಿತು. ಮರುವರ್ಷ ಮೆಂದಿಲಿಬಾರ್ ಮರಳಿ ಬಂದ. ಪ್ರತಿ ವರ್ಷ ‘ಈ ಸಲ ಖಂಡಿತ ಇಳಿಯುತ್ತಾರೆ’ ಎಂದ ಪಂಡಿತರ ಎದುರು ಒಟ್ಟು ಏಳು ಹಂಗಾಮು ಲಾ ಲಿಗಾದಲ್ಲಿ ನಿಂತರು. 2018ರ ನವೆಂಬರ್ 24ರಂದು, ಆರು ತಿಂಗಳ ಹಿಂದೆಯಷ್ಟೇ ಯುರೋಪಿನ ಚಾಂಪಿಯನ್ ಆಗಿದ್ದ ರಿಯಲ್ ಮ್ಯಾಡ್ರಿಡ್ ಇಪುರುವಾಕ್ಕೆ ಬಂದು 3-0 ಸೋತು ಹೋಯಿತು.

2021ರಲ್ಲಿ ಇಳಿದರು. 2022ರ ಮೇ 29ರಂದು ಮತ್ತೆ ಏರುವ ಅವಕಾಶ ಕೈಯಲ್ಲೇ ಇತ್ತು. ಅದಾಗಲೇ ಕೆಳಗಿಳಿಯುವುದು ಖಚಿತವಾಗಿದ್ದ ಅಲ್ಕೊರ್ಕೋನ್ ಎದುರು ಕೊನೆಯ ನಿಮಿಷಗಳಲ್ಲಿ ಗೋಲು ಬಿಟ್ಟುಕೊಟ್ಟು ಕಳೆದುಕೊಂಡರು. ಆ ವರ್ಷ, ಅದರ ಮರುವರ್ಷ, 2024ರಲ್ಲಿ, ಮೂರೂ ಸಲ ಪ್ಲೇಆಫ್‌ನಲ್ಲಿ ಸೋತರು. ಇಷ್ಟರ ನಡುವೆ ಮಹಿಳೆಯರ ತಂಡ 2020ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಸ್ಪೇನಿನ ಮೊದಲ ದರ್ಜೆಗೆ ಏರಿತು. ಗೆದ್ದರೂ ಸೋತರೂ ಇಪುರುವಾ ಅದೇ ಜಾಗದಲ್ಲಿದೆ, ಬಾಲ್ಕನಿಗಳೂ ಅಲ್ಲೇ ಇವೆ.

ಈಗ ನಮ್ಮ ಕಡೆಗೆ ಬರೋಣ.

ಕರ್ನಾಟಕಕ್ಕೆ ಫುಟ್‌ಬಾಲ್ ಹೊಸದಲ್ಲ. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಬ್ರಿಟಿಷ್ ಸೈನ್ಯದ ತಂಡಗಳ ಕೈಯಿಂದ ಕಿತ್ತುಕೊಂಡ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಸೋತದ್ದು ಕಲ್ಕತ್ತೆಯ ಹೆಸರಾಂತ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷ ಮತ್ತೆ ಗೆದ್ದರು, 1948ರಲ್ಲಿ ಮೂರನೇ ಸಲ. ಅದೇ 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಇದೇ ಊರಿನ ಮೈದಾನಗಳಲ್ಲಿ ಆಡಿ ಬೆಳೆದು ಈಸ್ಟ್ ಬೆಂಗಾಲಿನ ದಂತಕಥೆಯಾದವರು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಮುಂದಿನದಕ್ಕೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಆ ಕಪ್ಪನ್ನು ಮರಳಿ ತಂದಿತು.

ಇದೆಲ್ಲ ನಡೆದದ್ದು ಹೆಚ್ಚಾಗಿ ಹಲಸೂರು, ಆಸ್ಟಿನ್ ಟೌನ್, ಗೌತಮಪುರದಂಥ ಬೆಂಗಳೂರಿನ ದಂಡು ಪ್ರದೇಶದ ಕೇರಿಗಳ ಬಲದಿಂದ. ಆಮೇಲೆ ಎಚ್‌ಎಎಲ್, ಐಟಿಐಯಂಥ ಸಾರ್ವಜನಿಕ ಕಾರ್ಖಾನೆಗಳು ಹುಡುಗರಿಗೆ ಕೆಲಸ ಕೊಟ್ಟು ತಂಡ ಸಾಕಿದವು. ಕಾರ್ಖಾನೆಗಳು ಸೊರಗಿದಂತೆ ತಂಡಗಳೂ ಸೊರಗಿದವು. ಆಟ ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಿ ಐವತ್ತು ಕಿಲೋಮೀಟರ್ ದೂರದ ರಾಮನಗರಕ್ಕೆ ಬೇರು ಬಿಡುವ ಹಾಗೆ ಬರಲೇ ಇಲ್ಲ. ನಮ್ಮಲ್ಲಿ ಸಂಜೆ ಮೈದಾನಕ್ಕೆ ಹೋದರೆ ಕಾಣುವುದು ಟೆನಿಸ್ ಬಾಲ್ ಕ್ರಿಕೆಟ್ಟು, ವಾಲಿಬಾಲು, ಹಳ್ಳಿಗಳಲ್ಲಿ ಹಬ್ಬ ಬಂದರೆ ಹೊನಲು ಬೆಳಕಿನ ಕಬಡ್ಡಿ. ಅವುಗಳ ಮೇಲೆ ನನಗೆ ಮುನಿಸಿಲ್ಲ. ಆದರೆ ಫುಟ್‌ಬಾಲಿನಷ್ಟು ಕಡಿಮೆ ಖರ್ಚಿನ, ಇಪ್ಪತ್ತೆರಡು ಮಕ್ಕಳನ್ನು ಒಂದೇ ಚೆಂಡಿನಲ್ಲಿ ತೊಡಗಿಸುವ ಆಟ ಇನ್ನೊಂದಿಲ್ಲ.

ಬೆಂಗಳೂರು ಎಫ್‌ಸಿ ಕಂಠೀರವ ಕ್ರೀಡಾಂಗಣದಲ್ಲಿ ಆಡತೊಡಗಿದ ಮೇಲೆ ಕೆಲವು ಸಂಜೆ ನಾನೂ ರೈಲು ಹತ್ತಿ ಹೋಗಿದ್ದೇನೆ. ಆಲ್ಬರ್ಟ್ ರೋಕಾ, ಕಾರ್ಲೆಸ್ ಕ್ವಾದ್ರಾತ್ ಎಂಬ ಸ್ಪೇನಿನ ಕೋಚ್‌ಗಳು ಈ ತಂಡವನ್ನು ಕಟ್ಟಿದ ಬಗೆ ಕಣ್ಣಿಗೆ ಹಬ್ಬ. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಇದು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಐಎಸ್‌ಎಲ್ ಗೆದ್ದುಕೊಟ್ಟ ರಾಹುಲ್ ಭೇಕೆಯ ಹೆಡರ್ ಬಂದದ್ದು ಡಿಮಾಸ್ ಡೆಲ್ಗಾಡೊ ತೆಗೆದ ಕಾರ್ನರ್‌ನಿಂದ. ಆ ಡಿಮಾಸ್ ಬಹುಕಾಲ ಆಡಿದ್ದು ಸೋರಿಯಾ ಎಂಬ ಪುಟ್ಟ ಪಟ್ಟಣದ ನುಮಾನ್ಸಿಯಾ ಕ್ಲಬ್ಬಿನಲ್ಲಿ. ಅಂದರೆ ಕಂಠೀರವದಲ್ಲಿ ನಾವು ಚಪ್ಪಾಳೆ ತಟ್ಟಿದ್ದು ಸ್ಪೇನಿನ ಸಣ್ಣ ಊರುಗಳು ಬೆಳೆಸಿದ ಕಾಲುಗಳಿಗೆ. ರಾತ್ರಿ ರೈಲಿನಲ್ಲಿ ಮರಳುವಾಗ ಬಿಡದಿ ದಾಟಿ ಬಂಡೆಗಳ ಕಪ್ಪು ನೆರಳು ಕಾಣುವ ಹೊತ್ತಿಗೆ ನನಗೆ ಬರುತ್ತಿದ್ದ ಯೋಚನೆ ಒಂದೇ: ಸೋರಿಯಾಕ್ಕೆ, ಐಬಾರಿಗೆ ಸಾಧ್ಯವಾದದ್ದು ನಮ್ಮ ಚನ್ನಪಟ್ಟಣಕ್ಕೆ, ಕನಕಪುರಕ್ಕೆ ಏಕೆ ಆಗಬಾರದು?

ಹಣವಿಲ್ಲ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಈ ಜಿಲ್ಲೆಯ ಹಳ್ಳಿ ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘವಿದೆ. ಒಂದು ಹಸು ಕಟ್ಟಿದವಳೂ ಷೇರು ಹಾಕಿ ಸದಸ್ಯೆಯಾಗುತ್ತಾಳೆ. ಬೆಳಿಗ್ಗೆ ಸಂಜೆ ಡೇರಿ ಮುಂದೆ ಕ್ಯಾನು ಹಿಡಿದು ನಿಲ್ಲುತ್ತಾಳೆ, ಫ್ಯಾಟ್ ಕಡಿಮೆ ತೋರಿಸಿದರೆ ಜಗಳಕ್ಕೆ ನಿಲ್ಲುತ್ತಾಳೆ, ವರ್ಷದ ಸಭೆಯಲ್ಲಿ ಲೆಕ್ಕ ಕೇಳುತ್ತಾಳೆ. ಸಂಘ ತನ್ನದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಐಬಾರಿನ ಹತ್ತು ಸಾವಿರ ಷೇರುದಾರರು ಮಾಡಿದ್ದು ಇದನ್ನೇ. ನಮ್ಮಲ್ಲಿ ಟೂರ್ನಮೆಂಟುಗಳು ನಡೆಯುವುದಿಲ್ಲವೆಂದಲ್ಲ. ಚುನಾವಣೆ ಹತ್ತಿರ ಬಂದಾಗ ಒಬ್ಬ ಮುಖಂಡರ ಹೆಸರಿನ ಕಪ್ಪು, ಅವರ ಫೋಟೋದ ಜರ್ಸಿ, ಎರಡು ದಿನದ ಗದ್ದಲ. ಕಪ್ಪು ಕೊಟ್ಟವರ ಉತ್ಸಾಹ ಮುಗಿದರೆ ತಂಡವೂ ಮುಗಿಯಿತು. ಒಬ್ಬರ ಜೇಬಿನಿಂದ ಹುಟ್ಟಿದ ತಂಡ ಆ ಜೇಬಿನಷ್ಟೇ ಕಾಲ ಬಾಳುತ್ತದೆ. ಸಾವಿರ ಜನರ ರಸೀದಿಯಿಂದ ಹುಟ್ಟಿದ್ದು ಹಾಗಲ್ಲ.

2007ರಲ್ಲಿ ಬೇರೆ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ನೆಲ ನಮ್ಮದು. ಬೋರ್ಡಿನ ಹೆಸರು ಏನೇ ಇರಲಿ, ರೇಷ್ಮೆಯ ರಾಮನಗರ, ಗೊಂಬೆಯ ಚನ್ನಪಟ್ಟಣ, ಕಲ್ಲುಬಂಡೆಯ ಕನಕಪುರ, ಕೆಂಪೇಗೌಡರ ಮಾಗಡಿ ಎಂಬ ಗುರುತು ಅಳಿಸುವುದಿಲ್ಲ. ಬಂದೂಕು ಮಾಡುವವರು ‘ಆರ್ಮೆರೋಸ್’ ಆದರೆ, ರೀಲರ್‌ಗಳ ಮಕ್ಕಳ ತಂಡಕ್ಕೆ, ಗೊಂಬೆ ಮಾಡುವವರ ಮಕ್ಕಳ ತಂಡಕ್ಕೆ ಹೆಸರು ಹುಡುಕುವುದು ಕಷ್ಟವೇ? ನಾಲ್ಕು ಪಟ್ಟಣ, ನಾಲ್ಕು ತಂಡ. ಪ್ರತಿಯೊಬ್ಬರೂ ತಮ್ಮೂರಲ್ಲಿ ಒಮ್ಮೆ, ಎದುರಾಳಿಯ ಊರಲ್ಲಿ ಒಮ್ಮೆ ಆಡಿದರೆ ಒಟ್ಟು ಹನ್ನೆರಡು ಪಂದ್ಯ. ವಾರಕ್ಕೆ ಎರಡರಂತೆ ಭಾನುವಾರ ಆಡಿಸಿದರೆ ಆರು ವಾರದಲ್ಲಿ ಮುಗಿಯುತ್ತದೆ. ಜಿಲ್ಲಾ ಕ್ರೀಡಾಂಗಣ ಇದೆ, ಸರ್ಕಾರಿ ಕಾಲೇಜುಗಳ ಮೈದಾನಗಳಿವೆ, ಎರಡು ಕಡೆ ನೆಟ್ ಕಟ್ಟಿದ ಗೋಲುಕಂಬ ಬೇಕು. ಹೆಣ್ಣುಮಕ್ಕಳ ತಂಡವನ್ನೂ ಮೊದಲ ದಿನವೇ ಕಟ್ಟಬೇಕು, ಆಮೇಲೆ ನೋಡೋಣ ಎಂದರೆ ಆ ಆಮೇಲೆ ಬರುವುದಿಲ್ಲ. ಲೆಕ್ಕ ಪುಸ್ತಕವನ್ನು ಡೇರಿಯ ಹಾಗೆ ಎಲ್ಲರ ಮುಂದೆ ತೆರೆದಿಡಬೇಕು. ಒಬ್ಬರಿಂದ ಇಷ್ಟಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ ಎಂದು ಐಬಾರಿನಂತೆ ಮಿತಿ ಹಾಕಬೇಕು.

ಈ ಲೇಖನ ಓದಿದ ಶಾಲಾ ಮೇಷ್ಟ್ರು, ರೀಲರ್, ಡೇರಿ ಕಾರ್ಯದರ್ಶಿ, ಕಾಲೇಜು ಹುಡುಗ ಹುಡುಗಿಯರು ಯಾರಾದರೂ ಸರಿ, ನಾಲ್ಕು ಪಟ್ಟಣಗಳಲ್ಲಿ ಎಲ್ಲಾದರೂ ಒಂದು ಕಡೆ ರಸೀದಿ ಪುಸ್ತಕ ಅಚ್ಚು ಹಾಕಿಸಿ ಹೊರಡಿ. ಮೊದಲ ಹಾಳೆಯಲ್ಲಿ ನನ್ನ ಹೆಸರು ಬರೆದುಕೊಳ್ಳಿ.